ಮೈಲೇಜ್ ಎಷ್ಟು ಕೊಡುತ್ತೆ?

ನನ್ನ ಕಾರಿನ ಬಗ್ಗೆ ಜನ ಕೇಳುವ ಮೊದಲ ಪ್ರಶ್ನೆ ಇದು. ಎರಡನೆಯದು, 'ನಿನಗ್ಯಾಕೆ ಕಾರು?' ಶಂಕರಘಟ್ಟದ ಹಾಸ್ಟೆಲಿನಲ್ಲಿದ್ದುಕೊಂಡು ಕನ್ನಡ ಪ್ರವಾಸ ಕಥನಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ, ಫೆಲೋಶಿಪ್ಪಿನಲ್ಲಿ ತಿಂಗಳು ದೂಡುವ ಇಪ್ಪತ್ತೆಂಟರ ಹುಡುಗಿಗೆ ಕಾರು ಯಾಕೆ? ಮೊದಲ ಪ್ರಶ್ನೆಗೆ ನನ್ನಲ್ಲಿ ಉತ್ತರವಿದೆ. ಲೀಟರಿಗೆ ಹದಿಮೂರು, ನಾನು ಖುಷಿಯಲ್ಲಿದ್ದರೆ ಹನ್ನೊಂದು. ಕೇಳಿದವರು 'ಅಯ್ಯೋ' ಅಂದು ಸುಮ್ಮನಾಗುತ್ತಾರೆ.

ಕಾರು 2009ರ ಕೆಂಪು ಸ್ವಿಫ್ಟ್, 1.3 ಲೀಟರ್ ಪೆಟ್ರೋಲ್ ಎಂಜಿನ್. ಎರಡು ವರ್ಷ ಅತಿಥಿ ಉಪನ್ಯಾಸಕಿಯಾಗಿ ಕೂಡಿಟ್ಟ ದುಡ್ಡಿನಲ್ಲಿ 2021ರಲ್ಲಿ ಕೊಂಡೆ. ನಾನು ಅದರ ಮೂರನೆಯ ಒಡತಿ. ಈ 1.3ಕ್ಕೆ ಒಂದು ಸಣ್ಣ ಇತಿಹಾಸವಿದೆ. 2006ರ ಕೇಂದ್ರ ಬಜೆಟ್ ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ 16ಕ್ಕೆ ಇಳಿಸಿತು. ಉದ್ದ 4 ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ನಾದರೆ 1200 ಸಿಸಿ ದಾಟಬಾರದು ಎಂಬುದು ಷರತ್ತು. ಸ್ವಿಫ್ಟ್ ಉದ್ದದ ಪರೀಕ್ಷೆಯಲ್ಲಿ ಪಾಸು, ಸುಮಾರು ನೂರು ಸಿಸಿಯ ಅಂತರದಲ್ಲಿ ಎಂಜಿನ್ನಿನ ಪರೀಕ್ಷೆಯಲ್ಲಿ ಫೇಲು. 2010ರಲ್ಲಿ ಪೆಟ್ರೋಲ್ ಸ್ವಿಫ್ಟಿಗೆ 1.2 ಲೀಟರ್ ಎಂಜಿನ್ ಬಂತು. ಹಳೆಯದನ್ನು ಹುಡುಕಿಕೊಂಡು ಹೋಗುವ ನಮ್ಮಂಥವರು ಈಗಲೂ ಅಲ್ಲಲ್ಲಿ ಇದ್ದೇವೆ.

'ಸ್ಪೋರ್ಟಿ' ಎಂಬುದಕ್ಕೆ ಕನ್ನಡದಲ್ಲಿ ಸರಿಹೊಂದುವ ಒಂದೇ ಪದ ನನಗೆ ಸಿಕ್ಕಿಲ್ಲ. ನಮ್ಮ ಮೆಕ್ಯಾನಿಕ್ ಮಾತ್ರ 'ಇದು ಓಡೋ ಗಾಡಿ ಮೇಡಂ' ಅನ್ನುತ್ತಾರೆ. ಅದಕ್ಕಿಂತ ಚೆನ್ನಾಗಿ ಹೇಳಲು ನನಗೂ ಬರುವುದಿಲ್ಲ. 87 ಅಶ್ವಶಕ್ತಿ ಎಂದರೆ ಈಗಿನ ಲೆಕ್ಕಕ್ಕೆ ಏನೇನೂ ಅಲ್ಲ. ಆದರೆ ಗಾಡಿಯ ತೂಕ ಒಂದು ಟನ್ನಿನ ಆಸುಪಾಸು. ಎಂಜಿನ್ ನಿಮಿಷಕ್ಕೆ ನಾಲ್ಕೂವರೆ ಸಾವಿರ ಸುತ್ತು ತಿರುಗುವಾಗ ಅದರ ಪೂರ್ತಿ ಎಳೆತ ಸಿಗುತ್ತದೆ. ಅಲ್ಲಿಯತನಕ ಸೋಮಾರಿ, ಅಲ್ಲಿಂದಾಚೆಗೆ ದನಿಯೇ ಬೇರೆ. ಹಾಗಾಗಿ ಏರಿನಲ್ಲಿ ಅದನ್ನು ಎಕ್ಸಲರೇಟರ್ ತುಳಿದು ಹತ್ತಿಸಲಾಗದು, ತಿರುವು ಬರುವ ಮೊದಲೇ ಸರಿಯಾದ ಗೇರಿಗೆ ಇಳಿದಿರಬೇಕು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನಾನು ಕಲಿತದ್ದು ಹೀಗೆ, ಕಾಲಿನಿಂದ ಮತ್ತು ಕಿವಿಯಿಂದ. ಅಲ್ಲಿ ವೇಗ ಮೂವತ್ತು ಮುಟ್ಟುವುದೂ ಅಪರೂಪ. ಆದರೂ ಸಪಾಟು ಹೆದ್ದಾರಿಯಲ್ಲಿ ನೂರರಲ್ಲಿ ಹೋಗುವಾಗ ಇಲ್ಲದ ಸುಖ ಇಲ್ಲಿದೆ. ಸಣ್ಣ ಎಂಜಿನ್ ತನ್ನಲ್ಲಿರುವುದನ್ನೆಲ್ಲ ಕೊಡುತ್ತಿದೆ, ಕೊಡಿಸುತ್ತಿರುವುದು ನನ್ನ ಕೈಕಾಲು ಎಂಬ ಸುಖ.

ನಾನು ಓದುವ ಪ್ರವಾಸ ಕಥನಗಳಲ್ಲಿ ಲೇಖಕರು ಹೆಚ್ಚಾಗಿ ಕಿಟಕಿಯ ಪಕ್ಕ ಕೂತಿರುತ್ತಾರೆ. ರೈಲೋ ಬಸ್ಸೋ ಹಡಗೋ, ಲೋಕ ಪಕ್ಕದಲ್ಲಿ ಸರಿಯುತ್ತದೆ. ಓಡಿಸುವವರಿಗೆ ಆ ಭಾಗ್ಯವಿಲ್ಲ. ಎಷ್ಟೋ ಸಲ ಈ ಘಟ್ಟ ಇಳಿದಿದ್ದೇನೆ, ಜನ ಎಲ್ಲಿಂದೆಲ್ಲಿಂದಲೋ ನೋಡಲು ಬರುವ ಸೂರ್ಯಾಸ್ತವನ್ನು ಕಂಡದ್ದು ಎರಡೇ ಸಲ. ನಾನು ಕಾಣುವುದು ಒದ್ದೆ ಡಾಂಬರು, ಅದರ ಮೇಲಿನ ಎಲೆ, ಎದುರಿನಿಂದ ಏರಿ ಬರುವ ಗಾಡಿಯ ಬೆಳಕು. ಸೂಪರ್‌ವೈಸರಿಗೆ ಇದನ್ನು ಹೇಳಿದಾಗ ಅವರು ನಕ್ಕು, 'ಇದನ್ನ ಅಧ್ಯಾಯಕ್ಕೆ ಹಾಕಬೇಡಮ್ಮ' ಅಂದರು.

ಅಪ್ಪನಿಗೆ ಮಾತ್ರ ವೇಗವೆಂದರೆ ಒಂದೇ ನೆನಪು. 1990ರ ಸೆಪ್ಟೆಂಬರ್ 30, ದಾವಣಗೆರೆ ಹತ್ತಿರದ ಆನಗೋಡು. ಶಂಕರ್ ನಾಗ್ ತೀರಿಕೊಂಡಾಗ ಅವರಿಗೆ 35 ವರ್ಷ, ಅಪ್ಪನಿಗೆ ಇಪ್ಪತ್ತೆರಡು. 1985ರಲ್ಲಿ 'ಆಕ್ಸಿಡೆಂಟ್' ಎಂಬ ಸಿನಿಮಾ ಮಾಡಿದ ಮನುಷ್ಯ ಅಪಘಾತದಲ್ಲೇ ಹೋದದ್ದನ್ನು ಆ ತಲೆಮಾರು ಇನ್ನೂ ಅರಗಿಸಿಕೊಂಡಿಲ್ಲ ಅನ್ನಿಸುತ್ತದೆ. ನಾನು ಹೊರಟಾಗಲೆಲ್ಲ ಅಪ್ಪನ ಫೋನು: 'ಮೆಲ್ಲ ಬಲ ಮಗಾ.' ನಿಧಾನ ಬಾ ಎಂದು. ಓಡುವ ಗಾಡಿಯನ್ನು ಕೊಂಡವಳಿಗೆ ದಿನವೂ ಹೇಳಬೇಕಾದ ಮಾತೇ ಸರಿ.

2023ರ ಜುಲೈನಲ್ಲಿ ಒಂದು ರಾತ್ರಿ ಹತ್ತೂವರೆಗೆ ಫೋನು ಬಂತು. ಈ ಸಲ ಅಮ್ಮನದು. ಅಪ್ಪನಿಗೆ ಎದೆನೋವು, ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ. ಶಂಕರಘಟ್ಟದಿಂದ ಹೆಬ್ರಿಗೆ ಸುಮಾರು 140 ಕಿಲೋಮೀಟರ್. ತೀರ್ಥಹಳ್ಳಿ ದಾಟಿದ ಮೇಲೆ ಮಳೆ, ಆಗುಂಬೆಯಲ್ಲಿ ಮಂಜು. ಘಟ್ಟವನ್ನು ಪೂರಾ ಒಂದು, ಎರಡನೇ ಗೇರಿನಲ್ಲಿ ಇಳಿದೆ. ಬ್ರೇಕಿಗಿಂತ ಹೆಚ್ಚಾಗಿ ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡಿತ್ತು. ಆಸ್ಪತ್ರೆ ತಲುಪುವಾಗ ಮೂರು ಗಂಟೆ. ಅಪ್ಪ ಎಚ್ಚರವಾಗಿದ್ದರು. 'ಘಟ್ಟದಲ್ಲಿ ಮಂಜಿತ್ತಾ?' ಎಂದು ಕೇಳಿದರು, ತುಳುವಿನಲ್ಲಿ.

ಅಪ್ಪ ಚೇತರಿಸಿಕೊಂಡರು. ಅಲ್ಲಿಂದೀಚೆಗೆ ಕಾರಿನ ಬಗ್ಗೆ ಯಾರೂ ತಕರಾರು ತೆಗೆಯುತ್ತಿಲ್ಲ. 'ಕಾರು ಇದ್ದದ್ದಕ್ಕೆ ಆಯಿತು' ಎಂದು ಅಮ್ಮ ನೆಂಟರಿಗೆ ಹೇಳುತ್ತಾರೆ. 'ನಿನಗ್ಯಾಕೆ ಕಾರು' ಎಂಬುದಕ್ಕೆ ಕೊನೆಗೂ ಒಂದು ಉತ್ತರ ಸಿಕ್ಕಿತು, ಎಲ್ಲರೂ ಒಪ್ಪುವಂಥದ್ದು. ನನಗೆ ಇರಿಸುಮುರಿಸಾಗುವುದು ಇಲ್ಲೇ. ಆ ರಾತ್ರಿ ಯಾವ ಕಾರಾದರೂ ಸಾಕಿತ್ತು, ಹಳೆಯ ಓಮ್ನಿಯೂ ನಡೆಯುತ್ತಿತ್ತು. ನಾನು ಇದನ್ನು ಕೊಂಡದ್ದು ಆಸ್ಪತ್ರೆಗೆಂದಲ್ಲ, ಇಷ್ಟವಾಯಿತು ಎಂದು. ನನ್ನ ತಮ್ಮ ಬೈಕ್ ಕೊಂಡಾಗ ಯಾಕೆ ಎಂದು ಯಾರೂ ಕೇಳಲಿಲ್ಲ. ಹುಡುಗ, ಆಸೆಪಟ್ಟ, ಅಷ್ಟೆ. ನನ್ನ ಆಸೆ ಮನೆಮಂದಿಗೆ ಉಪಯೋಗಕ್ಕೆ ಬಂದ ಮೇಲೆ ಮಾತ್ರ ಮಾಫಿಯಾಯಿತು. ಸಂಶೋಧನೆಯ ಕಥೆಯೂ ಸುಮಾರಾಗಿ ಇದೇ ಅನ್ನಿ. 'ಇದರಿಂದ ಏನು ಪ್ರಯೋಜನ?' ಎಂದು ಕೇಳಿದವರಿಗೆ ಕೆಲಸದ ಹೆಸರು ಹೇಳಬೇಕು, ಓದುವುದು ಇಷ್ಟ ಅಂದರೆ ನಡೆಯುವುದಿಲ್ಲ.

2024ರಲ್ಲಿ ಕಾರಿಗೆ ಹದಿನೈದು ತುಂಬಿ ನೋಂದಣಿಯ ಅವಧಿ ಮುಗಿಯಿತು. ನವೀಕರಣದ ಶುಲ್ಕ ಆಗ 5000 ರೂಪಾಯಿ. 2022ರ ಏಪ್ರಿಲಿಗೆ ಮುಂಚೆ 600 ಇತ್ತು. ಮೇಲೆ ಹಸಿರು ತೆರಿಗೆ, ವಿಮೆ, ಹೊಗೆ ತಪಾಸಣೆ, ತುಕ್ಕು ಹಿಡಿದ ತಳಕ್ಕೆ ವೆಲ್ಡಿಂಗು. ಗುಜರಿಯವನು ಒಂದು ಬೆಲೆ ಹೇಳಿದ, ಅದು ಈ ಖರ್ಚಿಗಿಂತ ಜಾಸ್ತಿಯೇ ಇತ್ತು. 'ಮಾರಿಬಿಡು, ಹೇಗೂ ಮದುವೆಯಾದ ಮೇಲೆ ಅವರ ಮನೆಯಲ್ಲಿ ಇರುತ್ತದಲ್ಲ' ಅಂದರು ಅಮ್ಮ. ಆಸ್ಪತ್ರೆಯ ರಾತ್ರಿಯನ್ನು ನೆನಪಿಸಿದ್ದರೆ ಅವರು ಅಲ್ಲಿಗೇ ಸುಮ್ಮನಾಗುತ್ತಿದ್ದರು. ನೆನಪಿಸಲಿಲ್ಲ. 'ಓಡಿಸಲು ಇಷ್ಟ ಅಮ್ಮ' ಅಂದೆ. ಅವರು ಬಹಳ ಹೊತ್ತು ಏನೂ ಹೇಳದೆ, ಆಮೇಲೆ ಹಲಸಿನ ಹಪ್ಪಳದ ಡಬ್ಬಿಯನ್ನು ಡಿಕ್ಕಿಯಲ್ಲಿಟ್ಟರು.

ನೋಂದಣಿ 2029ರವರೆಗೆ ಇದೆ. ಥೀಸಿಸ್ ಅದಕ್ಕೆ ಮೊದಲೇ ಮುಗಿಯಬೇಕು. ಈ ತಿಂಗಳು ಮುಂದಿನ ಎರಡು ಟೈರ್ ಬದಲಾಯಿಸುವುದಿದೆ. ಹಿಂದಿನವು ಇನ್ನೊಂದು ಮಳೆಗಾಲ ತಡೆಯುತ್ತವೆ ಎಂದು ಮೆಕ್ಯಾನಿಕ್ ಹೇಳಿದ್ದಾರೆ.