ಪರವಾನಗಿ ಇಲ್ಲದ ಕುಂಚ

ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿ ಬೇಕಿಲ್ಲವೆಂಬುದು ವಾಚಕರಲ್ಲಿ ಅನೇಕರಿಗೆ ತಿಳಿದ ಸಂಗತಿ. ಆಂಗ್ಲರ ಕಾಲದಿಂದ ಬಂದ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಿತು. ಅಂಥ ನಾಡಿನಲ್ಲಿ, ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಹೂವಿನ ಚಿತ್ರವೊಂದರ ಅಂಚು ತಿದ್ದುವುದಕ್ಕೂ ಪರವಾನಗಿ ಬೇಕೆಂಬುದನ್ನು ನಾನು ಅರಿತ ಬಗೆಯನ್ನು ಹೇಳಬೇಕಾಗಿದೆ. ಹೇಳುವುದಕ್ಕೆ ಸ್ವಲ್ಪ ನಾಚಿಕೆಯೂ ಉಂಟು.

ಬಿಟ್ಟಂಗಾಲದ ಸಮೀಪದ ಪ್ರೌಢಶಾಲೆಯೊಂದರ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿ, ಶನಿವಾರದ ಮಧ್ಯಾಹ್ನಗಳಲ್ಲಿ ಮಕ್ಕಳಿಗೆ ಪತ್ರಿಕೆ ಕಟ್ಟುವುದು, ಭಿತ್ತಿಚಿತ್ರ ಬರೆಯುವುದು, ಚಿಕ್ಕ ಚಲಚ್ಚಿತ್ರ ತೆಗೆಯುವುದು ಇವುಗಳನ್ನು ಕಲಿಸಲಾದೀತೇ ಎಂದು ಕೇಳಿದರು. ಕಾಲೇಜಿನ ವಾರ್ಷಿಕ ಸಂಚಿಕೆಯನ್ನು ಆರೇಳು ವರ್ಷ ಸಂಪಾದಿಸಿದ ಹೆಮ್ಮೆ ನನ್ನದು, ಕೂಡಲೇ ಒಪ್ಪಿದೆ. ಶಾಲೆಯಲ್ಲಿದ್ದುದು ಯಾರೋ ಬಳಸಿ ದಾನವಿತ್ತ ಆರು ಕಂಪ್ಯೂಟರುಗಳು. ಕೈಯಲ್ಲಿದ್ದ ಹಣ ಹಳೆಯ ವಿದ್ಯಾರ್ಥಿಗಳು ಕೂಡಿಸಿದ 12,000 ರೂಪಾಯಿ.

ಚಿತ್ರ ತಿದ್ದುವ, ಪುಟ ಕಟ್ಟುವ ತಂತ್ರಾಂಶಗಳ ಬೆಲೆಯನ್ನು ವಿಚಾರಿಸಿದಾಗ ಒಂದು ವಿಷಯ ಹೊಸದಾಗಿ ತಿಳಿಯಿತು. ಅವುಗಳನ್ನು ಈಗ ಮಾರುವುದೇ ಇಲ್ಲವಂತೆ! ಫೋಟೋಶಾಪಿನ ಒಡೆಯರಾದ ಅಡೋಬಿಯವರು 2013ರಲ್ಲಿಯೇ ಹೊಸ ಆವೃತ್ತಿಗಳಿಗೆ ಕ್ರಯದ ಪದ್ಧತಿಯನ್ನು ಬಿಟ್ಟು ಚಂದಾ ಪದ್ಧತಿಯನ್ನು ಹಿಡಿದಿದ್ದರು. ಮನೆ ಕೊಂಡಂತಲ್ಲ, ಬಾಡಿಗೆಗೆ ಹಿಡಿದಂತೆ. ಶಾಲೆಗಳಿಗೆ ರಿಯಾಯಿತಿ ಉಂಟೆಂಬುದೇನೋ ನಿಜ. ಆದರೆ ರಿಯಾಯಿತಿಯ ಬಾಡಿಗೆಯೂ ಬಾಡಿಗೆಯೇ. ಈ ವರ್ಷ ಹಳೆಯ ವಿದ್ಯಾರ್ಥಿಗಳು ಕೊಟ್ಟರು, ಮುಂದಿನ ವರ್ಷ ಯಾರು ಕೊಡಬೇಕು? ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿಕೊಂಡರು. ನಾನು, "ಚಿಂತಿಸಬೇಡಿ, ನನ್ನ ಬಳಿ ಒಂದು ಪ್ರತಿ ಇದೆ" ಎಂದೆ.

ಆ ಪ್ರತಿ ಎಂಥದೆಂದು ಅವರು ಕೇಳಲಿಲ್ಲ; ನಾನೂ ಹೇಳಲಿಲ್ಲ. ಎಂ. ಎ. ಓದುತ್ತಿದ್ದ ದಿನಗಳಲ್ಲಿ ಹಾಸ್ಟೆಲಿನ ಕೊಠಡಿಯಿಂದ ಕೊಠಡಿಗೆ ಸಂಚರಿಸುತ್ತಿದ್ದ, ಬೀಗ ಮುರಿದ ಪ್ರತಿ ಅದು. ಶುಕ್ರವಾರ ಸಂಜೆ ಒಬ್ಬನೇ ಕುಳಿತು ಆರೂ ಯಂತ್ರಗಳಿಗೆ ಅದನ್ನು ಇಳಿಸಿದೆ. ಮಳೆ ಧೋ ಎಂದು ಸುರಿಯುತ್ತಿತ್ತು. ವಿದ್ಯುತ್ತು ಮೂರು ಬಾರಿ ಹೋಗಿ ಬಂತು. ಪರೋಪಕಾರ ಮಾಡಿದ ತೃಪ್ತಿಯಿಂದ ಮನೆಗೆ ಹೋಗಿ ಊಟ ಮಾಡಿದೆ.

ಆರು ಶನಿವಾರಗಳು ಸೊಗಸಾಗಿ ಕಳೆದವು. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ಹಬ್ಬ ಬಂದಿತು. ಹತ್ಯಾರುಗಳನ್ನು ಪೂಜಿಸುವ ಆ ದಿನ ಕೋವಿಯ ತುದಿಗೆ ಸಿಕ್ಕಿಸುವ ತೋಕ್ ಪೂವಿನ ಚಿತ್ರವನ್ನು ಮಕ್ಕಳು ತಮ್ಮ ಪತ್ರಿಕೆಯ ಮುಖಪುಟಕ್ಕೆ ಆರಿಸಿದ್ದರು. ಹುಡುಗಿಯೊಬ್ಬಳು ಕೆಂಪು ದಳದ ಅಂಚನ್ನು ಜೋಪಾನವಾಗಿ ಕತ್ತರಿಸುತ್ತಿದ್ದಾಗ, ಪರದೆಯ ಮೇಲೆ ಈ ಪ್ರತಿ ಅಸಲಿಯಲ್ಲವೆಂಬ ಸೂಚನೆ ಮೂಡಿತು. ಅವಳು ತಿರುಗಿ, "ಸಾರ್, ಇದು ಕದ್ದದ್ದೇ?" ಎಂದು ಕೇಳಿದಳು.

ಪ್ರಶ್ನೆಯಲ್ಲಿ ಕುಹಕವಿರಲಿಲ್ಲ. ಇದ್ದಿದ್ದರೆ ಗದರಿಸಿ ಪಾರಾಗಬಹುದಾಗಿತ್ತು. ಮೂರು ವಾರಗಳ ಹಿಂದೆ ಅದೇ ಹುಡುಗಿ ಗೈಡಿನಿಂದ ಇಳಿಸಿ ತಂದ ಪ್ರಬಂಧವನ್ನು ಹಿಡಿದು, ಪರರ ವಾಕ್ಯವನ್ನು ತನ್ನದೆಂದು ಬರೆಯುವುದು ಕಳವೆಂದು ತರಗತಿಯ ಮುಂದೆ ಭಾಷಣ ಮಾಡಿದವನು ನಾನೇ. ಅವಳು ಆ ಪಾಠವನ್ನು ಕಲಿತಿದ್ದಳು, ಅಷ್ಟೆ. "ನೋಡೋಣ" ಎಂದಷ್ಟೇ ಹೇಳಿ, ಗಂಟೆ ಬಾರಿಸುವ ಮುನ್ನವೇ ತರಗತಿ ಮುಗಿಸಿದೆ.

ಮನೆಗೆ ಬಂದು ಕಾಯಿದೆಯನ್ನು ತೆರೆದೆ. 1957ರ ಕೃತಿಸ್ವಾಮ್ಯ ಕಾಯಿದೆಯ 63ಬಿ ಪ್ರಕಾರ, ತಿಳಿದೂ ತಿಳಿದೂ ಕಳವಿನ ತಂತ್ರಾಂಶವನ್ನು ಕಂಪ್ಯೂಟರಿನಲ್ಲಿ ಬಳಸಿದರೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆವಾಸ, ಜೊತೆಗೆ 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಲ್ಲದೆ ಬಳಸಿದವನಿಗೆ ನ್ಯಾಯಾಲಯ ಸೆರೆಯನ್ನು ಬಿಟ್ಟು ದಂಡವನ್ನಷ್ಟೇ ವಿಧಿಸಬಹುದಂತೆ. ಆ ಸಮಾಧಾನದಿಂದ ನಿದ್ರೆ ಬರಲಿಲ್ಲ. ಸೆರೆಮನೆಯ ಭಯಕ್ಕಿಂತ ಆ ಹುಡುಗಿಯ ಮುಖವೇ ಹೆಚ್ಚು ಕಾಡಿತು.

ದಸರಾ ರಜೆಯಲ್ಲಿ ಮಾಕುಟ್ಟದ ಘಟ್ಟ ಇಳಿದು, ಇರಿಟ್ಟಿಯ ಮೇಲಿಂದ ಕಾಸರಗೋಡಿಗೆ ಹೋಗಿದ್ದೆ. ಅಲ್ಲಿಯ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನನ್ನ ಸಹಪಾಠಿಯೊಬ್ಬ ಅಧ್ಯಾಪಕ. ಅವನ ಮೇಜಿನ ಮೇಲೆ ಕೇರಳ ಸರ್ಕಾರ ಕನ್ನಡದಲ್ಲಿಯೇ ಅಚ್ಚು ಹಾಕಿಸಿದ ಕಂಪ್ಯೂಟರು ಪಾಠದ ಪುಸ್ತಕವಿತ್ತು. ಚಿತ್ರ ತಿದ್ದುವುದಕ್ಕೆ ಜಿಂಪ್, ರೇಖಾಚಿತ್ರಕ್ಕೆ ಇಂಕ್‌ಸ್ಕೇಪ್, ಚಲಿಸುವ ಚಿತ್ರಕ್ಕೆ ಸಿನ್‌ಫಿಗ್: ಎಲ್ಲವೂ ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ, ಬಿಚ್ಚಿ ನೋಡಬಹುದಾದ ಮುಕ್ತ ತಂತ್ರಾಂಶಗಳು. 2001ರಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆಯೇ ಬೆಳೆದು ಈಗ ಕೈಟ್ ಎಂಬ ಸಂಸ್ಥೆಯಾಗಿದೆ. ಶಾಲೆಗಳ ಎರಡು ಲಕ್ಷಕ್ಕೂ ಮಿಕ್ಕ ಕಂಪ್ಯೂಟರುಗಳಲ್ಲಿ ಇಂಥವನ್ನೇ ಬಳಸಿ ರಾಜ್ಯಕ್ಕೆ 3,000 ಕೋಟಿ ರೂಪಾಯಿ ಉಳಿಯಿತೆಂದು ಆ ಸಂಸ್ಥೆ 2019ರಲ್ಲಿ ಲೆಕ್ಕ ಕೊಟ್ಟಿತ್ತು. 2018ರಿಂದ ಲಿಟಲ್ ಕೈಟ್ಸ್ ಎಂಬ ಮಕ್ಕಳ ಕೂಟಗಳೂ ಇವೆ. ನನ್ನ ಕಥೆಯನ್ನು ಕೇಳಿದ ಗೆಳೆಯ, "ಘಟ್ಟದ ಮೇಲಿನವರಿಗೆ ಇದು ಗೊತ್ತಿಲ್ಲವೇ?" ಎಂದು ನಕ್ಕ.

ಗೊತ್ತಿರಲಿಲ್ಲವೆಂದರೆ ಸುಳ್ಳಾಗುತ್ತದೆ. ಹೆಸರು ಕೇಳಿದ್ದೆ. ನಮ್ಮ ಕರ್ನಾಟಕದಲ್ಲಿಯೂ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆ ಇದೆ. ಮುಂಬಯಿಯ ಐಐಟಿಯವರು ಸ್ಪೋಕನ್ ಟ್ಯುಟೋರಿಯಲ್ ಎಂಬ ಹೆಸರಿನಲ್ಲಿ ಕನ್ನಡದ ಧ್ವನಿಯಲ್ಲಿಯೂ ಪಾಠಗಳನ್ನು ಬಿಟ್ಟಿಯಾಗಿ ಕೊಡುತ್ತಾರೆ. ನಮ್ಮ ಕೆ. ಪಿ. ರಾಯರು ತಮ್ಮ ಕನ್ನಡ ಕೀಲಿಮಣೆಯ ವಿನ್ಯಾಸವನ್ನು ಎಲ್ಲರಿಗೂ ಬಿಟ್ಟುಕೊಟ್ಟದ್ದನ್ನು ತರಗತಿಯಲ್ಲಿ ಕೊಂಡಾಡಿದವನೂ ನಾನೇ. ಆದರೂ ಕಳವಿನ ಪ್ರತಿಗೆ ಕೈ ಹಾಕಿದ್ದೇಕೆ? ಅದರ ಗುಂಡಿಗಳು ನನ್ನ ಬೆರಳುಗಳಿಗೆ ಅಭ್ಯಾಸವಾಗಿದ್ದವು. ಹೊಸತನ್ನು ಕಲಿಯುವ ಶ್ರಮ ನನಗೆ ಬೇಡವಾಗಿತ್ತು. ಬಡಶಾಲೆಯ ಹೆಸರಿನಲ್ಲಿ ನಾನು ಮುಚ್ಚಿಟ್ಟದ್ದು ನನ್ನ ಸೋಮಾರಿತನವನ್ನು.

ನವೆಂಬರಿನ ಮೊದಲ ಶನಿವಾರ ಮಕ್ಕಳ ಎದುರಿಗೇ ಹಳೆಯದನ್ನು ಅಳಿಸಿದೆ. ಏಕೆಂದು ಹೇಳಿದೆ, ಆ ಹುಡುಗಿ ಕೇಳಿದ್ದು ಸರಿಯೆಂದೂ ಹೇಳಿದೆ. ಬಳಿಕ ಎಲ್ಲರೂ ಒಟ್ಟಿಗೆ ತಡವರಿಸತೊಡಗಿದೆವು. ಕತ್ತರಿ ಎಲ್ಲಿದೆಯೆಂದು ನಾನು ಹುಡುಕುತ್ತಿದ್ದರೆ ಎಂಟನೆಯ ತರಗತಿಯ ಪೋರನೊಬ್ಬ ತೋರಿಸಿಕೊಟ್ಟ. ಈ ಜಿಂಪನ್ನು 1995ರಲ್ಲಿ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ತಮ್ಮ ವ್ಯಾಸಂಗದ ಕೆಲಸವಾಗಿ ಆರಂಭಿಸಿದರೆಂದು ಹೇಳಿದಾಗ ಮಕ್ಕಳಿಗೆ ನಂಬಿಕೆಯಾಗಲಿಲ್ಲ. ಬ್ಲೆಂಡರಿನ ಕಥೆ ಅವರಿಗೆ ಇನ್ನೂ ಹಿಡಿಸಿತು. 2002ರಲ್ಲಿ ಅದನ್ನು ಹೊರಡಿಸುತ್ತಿದ್ದ ಕಂಪನಿ ಮುಚ್ಚಿಹೋಗಲು, ಕರ್ತೃವಾದ ಟಾನ್ ರೂಸೆಂಡಾಲ್ ಲೋಕದ ಮುಂದೆ ಜೋಳಿಗೆ ಹಿಡಿದು, ಏಳೇ ವಾರಗಳಲ್ಲಿ ಒಂದು ಲಕ್ಷ ಯೂರೋ ಕೂಡಿಸಿ ಅದನ್ನು ಬಿಡಿಸಿಕೊಂಡು ಎಲ್ಲರದಾಗಿಸಿದ. ಆ ಬ್ಲೆಂಡರಿನಿಂದ ಲಾಟ್ವಿಯದವರು ತಯಾರಿಸಿದ, ಮಾತೇ ಇಲ್ಲದ ಬೆಕ್ಕಿನ ಚಿತ್ರ 'ಫ್ಲೋ' 2025ರಲ್ಲಿ ಆಸ್ಕರ್ ಗಳಿಸಿತು.

ಕನ್ನಡಕ್ಕಂತೂ ಲಾಭವೇ ಆಯಿತು. ನಾನು ತಂದಿದ್ದ ಹಳೆಯ ಪ್ರತಿಯಲ್ಲಿ ಯೂನಿಕೋಡಿನ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬೀಳುತ್ತಿದ್ದವು. 'ಅಕ್ಷರ' ಎಂದು ಬರೆದರೆ ಅದು ಅಕ್ಷರವಾಗಿ ಉಳಿಯುತ್ತಿರಲಿಲ್ಲ. ಇಂಕ್‌ಸ್ಕೇಪಿನಲ್ಲಿ ಒತ್ತುಗಳು ತಮ್ಮ ಸ್ಥಾನದಲ್ಲಿಯೇ ಕುಳಿತವು. ಪುಟ ಕಟ್ಟುವುದಕ್ಕೆ ಸ್ಕ್ರೈಬಸ್ ಸಿಕ್ಕಿತು. 2024ರ ಜನವರಿಯಲ್ಲಿ ಬಂದ ಅದರ 1.6ನೆಯ ಆವೃತ್ತಿಗೆ ನಮ್ಮ ಲಿಪಿಯ ಪರಿಚಯವಿದೆ.

ಹಾಗೆಂದು ಎಲ್ಲವೂ ಸುಖವಲ್ಲ. ಮುದ್ರಣಕ್ಕೆ ಬೇಕಾದ ನಾಲ್ಕು ಬಣ್ಣಗಳ ವಿಂಗಡಣೆ ಜಿಂಪಿನಲ್ಲಿ ಸಲೀಸಲ್ಲ. ಅಚ್ಚುಕೂಟದವರು ಎರಡು ಬಾರಿ ಕಡತವನ್ನು ಹಿಂದಿರುಗಿಸಿದರು. ಹಳೆಯ ಯಂತ್ರಗಳಲ್ಲಿ ಚಲಚ್ಚಿತ್ರ ಜೋಡಿಸಲು ಹೊರಟರೆ ಅವು ಕಾಫಿ ಹುರಿಯುವ ಬಾಂಡಲೆಯಂತೆ ಕಾಯುತ್ತವೆ. ಪೋಷಕರೊಬ್ಬರು ಬಂದು, "ಬೆಂಗಳೂರಿನ ಕಂಪನಿಗಳು ಕೇಳುವುದು ಆ ಇನ್ನೊಂದನ್ನಲ್ಲವೇ ಮೇಷ್ಟರೇ? ನಮ್ಮ ಮಕ್ಕಳಿಗೆ ಅಗ್ಗದ್ದೇಕೆ?" ಎಂದರು. ಅವರ ಮಾತನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗಲಿಲ್ಲ. ಕತ್ತರಿಸುವ ಕೈಯನ್ನೂ ನೋಡುವ ಕಣ್ಣನ್ನೂ ಕಲಿಸುತ್ತಿದ್ದೇನೆ, ಉಳಿದದ್ದನ್ನು ಅವಳು ತಿಂಗಳೊಳಗೆ ಕಲಿತಾಳು ಎಂದೆ. ಅವರು ತಲೆಯಾಡಿಸಿದರು; ಒಪ್ಪಿದರೋ ಇಲ್ಲವೋ ತಿಳಿಯದು.

ಕೂಡಿಟ್ಟಿದ್ದ 12,000 ರೂಪಾಯಿ ನಾಲ್ಕು ಯಂತ್ರಗಳ ಸ್ಮೃತಿಕೋಶ ಹೆಚ್ಚಿಸುವುದಕ್ಕೂ ಪತ್ರಿಕೆಯ ಕಾಗದಕ್ಕೂ ಸರಿಹೋಯಿತು. ಕೊನೆಯ ಪುಟದಲ್ಲಿ ಮುದ್ರಕರ ಹೆಸರಿನ ಕೆಳಗೆ ಆ ಹುಡುಗಿ ಜಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಎಂದು ಹೆಸರುಗಳನ್ನು ಬರೆದು, ಅಕ್ಷರದ ಅಚ್ಚಿನ ಹೆಸರನ್ನೂ ಹಾಕಬೇಕೇ ಎಂದು ಕೇಳಿದಳು. ಹಾಕಬೇಕೆಂದೆ. ಆರನೆಯ ಕಂಪ್ಯೂಟರು ಮಾತ್ರ ಇನ್ನೂ ಮೇಲೆದ್ದಿಲ್ಲ. ಬರುವ ಶನಿವಾರ ನೋಡಬೇಕು.