ಖಾಲಿ ಕುರ್ಚಿಯ ಲೆಕ್ಕ

ಸ್ಕಿಪೋಲ್ ವಿಮಾನ ನಿಲ್ದಾಣದಲ್ಲಿ ರೈಲು ಹತ್ತಿದರೆ ಹತ್ತು ನಿಮಿಷದೊಳಗೆ ದಕ್ಷಿಣ ಆಮ್‌ಸ್ಟರ್‌ಡ್ಯಾಮ್ ಬಂದುಬಿಡುತ್ತದೆ. ಅಲ್ಲಿಂದ ನಡೆದೇ ಹೋಗಬಹುದಾದ ದೂರದಲ್ಲಿದೆ 'ದಿ ಎಡ್ಜ್', ಡೆಲಾಯ್ಟ್ ಕಂಪನಿಗೆಂದು ಕಟ್ಟಿದ ಕಚೇರಿ. ಒಳಗೆ ಕಾಲಿಟ್ಟವಳು ಹಾಗೇ ತಲೆಯೆತ್ತಿ ನಿಂತುಬಿಟ್ಟೆ. ಹದಿನೈದು ಅಂತಸ್ತಿನೆತ್ತರಕ್ಕೆ ಎದ್ದ ತೆರೆದ ಅಂಗಳ, ಉತ್ತರದ ಗಾಜಿನ ಗೋಡೆಯಿಂದ ಧಾರಾಳವಾಗಿ ಸುರಿಯುವ ಹಗಲು! ಆದರೂ ನಾನು ನೋಡಬೇಕೆಂದು ಬಂದದ್ದು ಅಲ್ಲಿನ ದೀಪಗಳನ್ನು.

ಒಂದು ದೀಪದ ಕೆಳಗೆ ನಿಂತು ದಿಟ್ಟಿಸಿದೆ. ಫಿಲಿಪ್ಸ್‌ನವರ ಎಲ್‌ಇಡಿ. ಇದಕ್ಕೆ ಬೇರೆ ಕರೆಂಟ್ ವೈರಿಲ್ಲ. ಕಂಪ್ಯೂಟರಿಗೆ ಸಿಕ್ಕಿಸುವಂಥ ನೆಟ್‌ವರ್ಕ್ ಕೇಬಲ್ಲೇ ವಿದ್ಯುತ್ತನ್ನು ತರುತ್ತದೆ, ಅದೇ ಕೇಬಲ್ ಮಾಹಿತಿಯನ್ನೂ ಒಯ್ಯುತ್ತದೆ. ಕೆಳಗೆ ಯಾರಾದರೂ ಓಡಾಡುತ್ತಿದ್ದಾರೆಯೇ, ಬೆಳಕೆಷ್ಟಿದೆ, ಸೆಕೆ ಎಷ್ಟು ಎಂದು ಅಳೆಯುವ ಸೆನ್ಸರು ದೀಪದ ಮೈಯಲ್ಲೇ ಅಡಗಿದೆ. ಇಡೀ ಕಟ್ಟಡದಲ್ಲಿ ಒಟ್ಟು ಸೆನ್ಸರುಗಳೇ ಸುಮಾರು 28,000!

ಇಷ್ಟೆಲ್ಲ ಏಕೆ? ಜನ ಎಲ್ಲಿಲ್ಲ ಎಂದು ತಿಳಿಯಲು. ಹಣ ಉಳಿಯುವ ಗುಟ್ಟು ಇದೊಂದೇ ಎಂದು ನನಗನ್ನಿಸಿತು. ಸುಮಾರು 2,500 ನೌಕರರಿಗೆ ಇಲ್ಲಿರುವುದು ಸಾವಿರದಷ್ಟು ಮೇಜು. ಯಾರಿಗೂ ಸ್ವಂತ ಜಾಗವಿಲ್ಲ, ಮೊಬೈಲ್ ಆ್ಯಪ್ ನೋಡಿ ಕೂರುತ್ತಾರೆ. ಜನ ಕಡಿಮೆ ಬರುವ ದಿನ ಒಂದು ಭಾಗವನ್ನೇ ಮುಚ್ಚಿಬಿಡಬಹುದು: ದೀಪವಿಲ್ಲ, ಹೀಟರಿಲ್ಲ, ಕಸ ಗುಡಿಸುವ ಕೆಲಸವೂ ಇಲ್ಲ. ಕೋಣೆಯಿಂದ ಹೊರಬರುವಾಗ ಸ್ವಿಚ್ ಆರಿಸುವ ನಮ್ಮಜ್ಜಿಯ ಎಚ್ಚರ ಗೋಡೆಗಳಿಗೇ ಬಂದಂತಿತ್ತು. ಸಂಜೆ ಶುಚಿ ಮಾಡುವವರಿಗೂ ಅಂದು ಹೆಚ್ಚು ಬಳಕೆಯಾದ ಜಾಗಗಳು ಯಾವುವೆಂದು ಮೊದಲೇ ಗೊತ್ತಿರುತ್ತದೆ. ಅವರ ಸೊಂಟಕ್ಕೂ ಅಷ್ಟು ವಿಶ್ರಾಂತಿ.

ನೆಲದಡಿಯಲ್ಲಿ ಇನ್ನೊಂದು ಬೆರಗು. ಸುಮಾರು 130 ಮೀಟರ್ ಆಳದಲ್ಲಿ ಬೇಸಿಗೆಯ ಬಿಸಿನೀರನ್ನು ಕೂಡಿಟ್ಟು, ಚಳಿಗಾಲದಲ್ಲಿ ಮೇಲೆತ್ತಿ ಕಟ್ಟಡ ಬೆಚ್ಚಗಿಡುತ್ತಾರೆ. ಪರಿಸರಸ್ನೇಹಿ ಕಟ್ಟಡಗಳಿಗೆ ಅಂಕ ಕೊಡುವ ಬ್ರಿಟನ್ನಿನ 'ಬ್ರೀಯಮ್' ಇದಕ್ಕೆ ಶೇ. 98.36 ಕೊಟ್ಟಿತು. ಅಲ್ಲಿಯವರೆಗೆ ಅಷ್ಟು ಅಂಕ ಯಾವ ಕಚೇರಿಗೂ ಸಿಕ್ಕಿರಲಿಲ್ಲ.

ಒಂದು ಮಾತು ಮಾತ್ರ ಖಂಡಿತ: ಖಾಲಿ ಕುರ್ಚಿ ಎಣಿಸುವ ಸೆನ್ಸರು ಕೂತವರ ಬೆನ್ನುಹತ್ತಬಾರದು. ಯಾರು ಎಷ್ಟು ಹೊತ್ತು ಎದ್ದುಹೋದರು ಎಂಬ ಲೆಕ್ಕ ಕರೆಂಟ್ ಬಿಲ್ಲಿಗೆ ಬೇಕಿಲ್ಲ.

ಬೆಂಗಳೂರಿನಲ್ಲಿ ಕಚೇರಿ ಕಟ್ಟಡಗಳನ್ನು ನೋಡಿಕೊಳ್ಳುವವರಲ್ಲಿ ನನ್ನದೊಂದು ಕೋರಿಕೆ. ಇಷ್ಟೆಲ್ಲ ಮಾಡಬೇಕಿಲ್ಲ. ಒಂದೇ ಮಹಡಿಗೆ ಓಡಾಟ ಗುರುತಿಸುವ ಸೆನ್ಸರು ಹಾಕಿಸಿ, ದೀಪ ಮತ್ತು ಎಸಿಗೆ ಜೋಡಿಸಿ. ಮುಂದಿನ ತಿಂಗಳು ಆ ಮಹಡಿಯ ಮೀಟರನ್ನು ಪಕ್ಕದ ಮಹಡಿಯ ಮೀಟರಿನ ಜೊತೆ ಇಟ್ಟು ನೋಡಿ.