37 ಫಾರ್ಮ್ ಸಾಕು

"ಸಾರ್, ನೂರೂ ಆಯ್ತು" ಅಂತ ಆ ಹುಡುಗಿ ಫಾರ್ಮ್‌ಗಳ ಕಟ್ಟನ್ನು ಮೇಜಿನ ಮೇಲಿಟ್ಟಳು. ಎಂ.ಎ. ಕೊನೆಯ ಸೆಮಿಸ್ಟರ್. ಪ್ರಾಜೆಕ್ಟಿನ ವಿಷಯ, ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ದುಡಿಮೆ. ಸಲ್ಲಿಸಲು ಹತ್ತೇ ದಿನ ಬಾಕಿ.

ತಿರುವಿ ನೋಡಿದೆ. ಮೊದಲ 37ರಲ್ಲಿ ಮಣ್ಣಿನ ಕಲೆ, ಹೊಡೆದು ಹಾಕಿದ ಸಾಲು, 'ಗೊತ್ತಿಲ್ಲ' ಎಂಬ ಉತ್ತರ. ಆಮೇಲಿನವು ಇಸ್ತ್ರಿ ಮಾಡಿದ ಹಾಗೆ ಗರಿಗರಿ. ಒಂದು ಜಾಗವೂ ಖಾಲಿಯಿಲ್ಲ.

"ಇವನ್ನ ಎಲ್ಲಿ ಕೂತು ತುಂಬಿದೆಯಮ್ಮ?"

ಕಣ್ಣಲ್ಲಿ ನೀರು. "ಹಾಸ್ಟೆಲ್‌ನಲ್ಲಿ ಸಾರ್. ನೂರು ಬೇಕೇ ಬೇಕು ಅಂತ ನೀವೇ ಹೇಳಿದ್ರಲ್ಲ."

ಹೌದು, ಹೇಳಿದ್ದೆ. ನನ್ನ ಗೈಡ್ ನನಗೆ ಹೇಳಿದ್ದನ್ನೇ ಯೋಚಿಸದೆ ದಾಟಿಸಿದ್ದೆ. ಯುಜಿಸಿಯ 2018ರ ನಿಯಮ ಶೇ 10ರವರೆಗಿನ ಹೋಲಿಕೆಗೆ ದಂಡ ಹಾಕುವುದಿಲ್ಲ; ಅದಕ್ಕಿಂತ ಹೆಚ್ಚಾದರೆ ಸಾಫ್ಟ್‌ವೇರ್ ತೋರಿಸಿಕೊಡುತ್ತದೆ. ಆದರೆ ಹುಟ್ಟಿಸಿದ ಉತ್ತರ ಅದರ ಕಣ್ಣಿಗೆ ಬೀಳದು. ಅದನ್ನು ಹಿಡಿಯಬೇಕಾದವನು ಗೈಡ್.

63 ಫಾರ್ಮ್ ತೆಗೆದುಹಾಕಿದೆವು. ಶೀರ್ಷಿಕೆಗೆ 'ಒಂದು ಸಂತೆಯ ಅಧ್ಯಯನ' ಅಂತ ಸೇರಿಸಿದೆವು. 37 ಮಾತ್ರ ಯಾಕೆ ಅನ್ನುವುದನ್ನು ಅಧ್ಯಯನದ ಮಿತಿಗಳಲ್ಲಿ ಬರೆಸಿದೆ: ವ್ಯಾಪಾರದ ನಡುವೆ ಮಾತಾಡಲು ಅವರಿಗೆ ಪುರುಸೊತ್ತಿಲ್ಲ. ಅವರ ದುಡಿಮೆಯ ಬಗ್ಗೆ ಅದಕ್ಕಿಂತ ದೊಡ್ಡ ಮಾಹಿತಿ ಇನ್ನೇನಿದೆ?

ವೈವಾದಲ್ಲಿ "ಇಷ್ಟು ಕಡಿಮೆ ಯಾಕೆ?" ಅಂತ ಕೇಳಿದರು. ಅವಳು ತಡವರಿಸದೆ ಉತ್ತರಿಸಿದಳು.

ಈಗ ನಾನು ಮೊದಲ ದಿನವೇ ಸಂಖ್ಯೆ ಹೇಳುವುದಿಲ್ಲ. "ಮೊದಲು ಹೋಗಿ ಸಂತೆ ನೋಡ್ಕೊಂಡು ಬನ್ನಿ" ಅನ್ನುತ್ತೇನೆ.